ವಿಕ್ಟೋರಿಯನ್ ವಾಕಿಂಗ್ ಡ್ರೆಸ್: ಯಾವ ಕಾಲದ್ದು ಹೊಲಿದರೆ ನಿಮಗೆ ಸರಿಹೋಗುತ್ತದೆ?

ವಿಕ್ಟೋರಿಯನ್ ವಾಕಿಂಗ್ ಡ್ರೆಸ್ ಹೊಲಿಯುವ ಆಸೆ ಇರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಬಟ್ಟೆ ಎಷ್ಟು ಮೀಟರ್ ತರಬೇಕು? ನನ್ನ ಮರುಪ್ರಶ್ನೆಯೂ ಒಂದೇ. ಯಾವ ವರ್ಷದ್ದು? ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಅರವತ್ತು ವರ್ಷಕ್ಕೂ ಮೇಲ್ಪಟ್ಟ ಈ ಅವಧಿಯಲ್ಲಿ ಹೆಂಗಸರ ಉಡುಪಿನ ಆಕಾರ ಹತ್ತು ವರ್ಷಕ್ಕೊಮ್ಮೆ, ಕೆಲವು ಸಲ ಐದೇ ವರ್ಷಕ್ಕೆ, ಪೂರ್ತಿ ಬದಲಾಯಿತು. 1860ರ ಸ್ಕರ್ಟ್ ಮೇಲೆ 1885ರ ಬಾಡಿಸ್ (ಮೈಗೆ ಬಿಗಿಯಾಗಿ ಕೂರುವ ಮೇಲಂಗಿ) ಹಾಕಿದರೆ ಎರಡೂ ಕೆಟ್ಟು ಕಾಣುತ್ತವೆ.

ಹಾಗಾಗಿ ಬಟ್ಟೆ ಅಂಗಡಿಗೆ ಹೋಗುವ ಮುಂಚೆ ಕಾಲ ಆರಿಸಿಕೊಳ್ಳಿ. ಕಾಲ ಗೊತ್ತಾದರೆ ಒಳಗೆ ಏನು ಬೇಕು, ಮೇಲೆ ಯಾವ ಬಟ್ಟೆ ಬೇಕು, ಎಷ್ಟು ಖರ್ಚು, ಎಲ್ಲವೂ ತಾನಾಗಿ ಗೊತ್ತಾಗುತ್ತದೆ.

ವಾಕಿಂಗ್ ಡ್ರೆಸ್ ಅಂದರೆ ಹೆಸರೇ ಹೇಳುವ ಹಾಗೆ ಹೊರಗೆ ನಡೆದಾಡಲು ಹಾಕುವ ಉಡುಪು. ಲಂಡನ್, ಪ್ಯಾರಿಸ್, ನ್ಯೂಯಾರ್ಕಿನ ಅನುಕೂಲಸ್ಥ ಮನೆಯ ಹೆಂಗಸರು ದಿನಕ್ಕೆ ಎರಡು ಮೂರು ಸಲ ಬಟ್ಟೆ ಬದಲಿಸುತ್ತಿದ್ದರು. ಮನೆಯೊಳಗಿನದು ಬೇರೆ, ಗಾಡಿಯಲ್ಲಿ ಕೂತು ಹೋಗುವಾಗಿನದು ಬೇರೆ, ರಾತ್ರಿ ಊಟದ್ದು ಬೇರೆ. ನಡೆಯುವ ಉಡುಪಿಗೆ ನೆಲ ಗುಡಿಸುವ ಬಾಲ ಇರುವುದಿಲ್ಲ. ಅಂಚು ನೆಲದಿಂದ ಒಂದೆರಡು ಇಂಚು ಮೇಲೆ ನಿಲ್ಲುತ್ತದೆ. ಕತ್ತಿನ ತನಕ ಮುಚ್ಚಿದ ಬಾಡಿಸ್, ಉದ್ದ ತೋಳು, ಕೆಸರು ಧೂಳು ತಡೆದುಕೊಳ್ಳುವ ಗಟ್ಟಿ ಬಟ್ಟೆ. ಅಂದಿನ ಫ್ಯಾಷನ್ ಪತ್ರಿಕೆಗಳು ಕೆಳಗೆ "ವಾಕಿಂಗ್ ಡ್ರೆಸ್" ಅಂತ ಬರೆದು ಮೇಲೆ ಮಾರುದ್ದ ಬಾಲ ಎಳೆಯುವ ಚಿತ್ರ ಹಾಕಿದ್ದೂ ಉಂಟು. ಅದನ್ನು ನಂಬಿ ಕತ್ತರಿ ಹಿಡಿಯಬೇಡಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಎರಡೂ ತಮ್ಮಲ್ಲಿರುವ ಅಸಲಿ ಉಡುಪುಗಳ ಫೋಟೊಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಅಂಚು, ಗುಂಡಿ, ಹಿಂಭಾಗ ಮೂರನ್ನೂ ಅಲ್ಲಿ ನೋಡಿ.

ಏನನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು, ಜನ ಮರೆಯುವಂಥದ್ದು, ಒಳಗೆ ಎಷ್ಟು ಹೊಲಿಯಬೇಕು ಅನ್ನುವುದು. ಈ ಉಡುಪುಗಳ ಆಕಾರ ಮೇಲಿನ ಬಟ್ಟೆಯಿಂದ ಬರುವುದಿಲ್ಲ, ಕೆಳಗಿನ ಪಂಜರ, ದಿಂಬು, ಒಳಲಂಗ, ಸೊಂಟಕ್ಕೆ ಬಿಗಿಯುವ ಕಾರ್ಸೆಟ್‌ನಿಂದ ಬರುತ್ತದೆ. ಕೆಲವು ಕಾಲದ ಉಡುಪಿಗೆ ಹೊರಗಿನದಕ್ಕಿಂತ ಒಳಗಿನ ಕೆಲಸವೇ ಜಾಸ್ತಿ.

ಎರಡನೆಯದು ಬಾಡಿಸ್ ಮೈಗೆ ಕೂರಿಸುವ ಕಷ್ಟ. ಮೂರನೆಯದು ಬಟ್ಟೆ ಮತ್ತು ದುಡ್ಡು. ನಾಲ್ಕನೆಯದು, ಇದನ್ನು ಹಾಕಿಕೊಂಡು ನೀವು ಎಲ್ಲಿಗೆ ಹೇಗೆ ಹೋಗುತ್ತೀರಿ: ಕಾರಿನಲ್ಲಿ ಕೂರಬೇಕಾ, ಮೆಟ್ಟಿಲು ಹತ್ತಬೇಕಾ, ಮೂರು ಗಂಟೆ ನಿಂತಿರಬೇಕಾ, ಟಾಯ್ಲೆಟ್‌ಗೆ ಹೋಗೋದು ಹೇಗೆ. ಕೊನೆಯದು, ಆ ಒಂದು ದಿನ ಮುಗಿದ ಮೇಲೆ ಅದನ್ನು ಮತ್ತೆ ಹಾಕುತ್ತೀರಾ ಅಥವಾ ಸೂಟ್‌ಕೇಸ್ ಸೇರುತ್ತಾ.

1860ರ ದಶಕ: ಕ್ರಿನೋಲಿನ್

ಉಕ್ಕಿನ ಬಳೆಗಳ ಪಂಜರ ಕ್ರಿನೋಲಿನ್‌ಗೆ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ. ಅದಕ್ಕೂ ಮುಂಚೆ ಅಗಲ ಬರಲು ಐದಾರು ಒಳಲಂಗ ಹೇರಿಕೊಳ್ಳಬೇಕಿತ್ತು. ಪಂಜರ ಬಂದ ಮೇಲೆ ಕಾಲಿಗೆ ಗಾಳಿ ಆಡಿತು, ಭಾರ ಇಳಿಯಿತು. ದಶಕದ ಶುರುವಿನಲ್ಲಿ ಗುಮ್ಮಟದಂತೆ ಸುತ್ತಲೂ ದುಂಡಗಿದ್ದ ಆಕಾರ, ಕೊನೆಗೆ ಬರುವಾಗ ಮುಂದೆ ಚಪ್ಪಟೆಯಾಗಿ ಹಿಂದಕ್ಕೆ ಸರಿಯಿತು.

ನಡೆಯಲು ಹೊರಟಾಗ ಮೇಲಿನ ಸ್ಕರ್ಟನ್ನು ಒಳಗಿನಿಂದ ಲಾಡಿ ಎಳೆದು ಅಲ್ಲಲ್ಲಿ ಎತ್ತಿ ಕಟ್ಟುತ್ತಿದ್ದರು. ಆಗ ಕೆಳಗಿನ ಬಣ್ಣದ ಒಳಲಂಗ ಕಾಣುತ್ತಿತ್ತು, ಕಾಣಲಿ ಅಂತಲೇ ಅದನ್ನು ಹಾಕುತ್ತಿದ್ದದ್ದು. ಕೆಂಪು ಉಣ್ಣೆಯ ಮೇಲೆ ಕಪ್ಪು ಪಟ್ಟೆ ಇರುವ ಬಾಲ್ಮೊರಲ್ ಒಳಲಂಗ ಇದಕ್ಕೆ ಹೆಸರುವಾಸಿ. ಸ್ಕಾಟ್ಲೆಂಡಿನಲ್ಲಿ ರಾಣಿಯ ಅರಮನೆ ಇರುವ ಜಾಗದ ಹೆಸರು ಅದಕ್ಕೆ.

ಹೊಲಿಗೆಯ ಲೆಕ್ಕದಲ್ಲಿ ಇದರ ಬಾಡಿಸ್ ಸುಲಭ. ಸೊಂಟಕ್ಕೇ ನಿಲ್ಲುತ್ತದೆ, ಮುಂದೆ ಎಡಬಲ ಎರಡೆರಡು ಡಾರ್ಟ್, ಭುಜದ ಹೊಲಿಗೆ ತೋಳಿನ ಮೇಲಕ್ಕೆ ಜಾರಿರುತ್ತದೆ. ಸ್ಕರ್ಟ್ ಕೂಡ ಉದ್ದುದ್ದ ತುಂಡು ಜೋಡಿಸಿ ಸೊಂಟಕ್ಕೆ ನೆರಿಗೆ ಹಿಡಿದರಾಯಿತು. ಆದರೆ ಬಟ್ಟೆ ಹೆಚ್ಚು ಬೇಕು. 44 ಇಂಚು ಪನ್ನಾದ ಬಟ್ಟೆ ಒಂಬತ್ತು ಹತ್ತು ಮೀಟರ್ ಸುಮ್ನೆ ಹೋಗುತ್ತದೆ. ಪಂಜರವನ್ನು ನೀವೇ ಮಾಡುವುದಾದರೆ ಚಪ್ಪಟೆ ಉಕ್ಕಿನ ಪಟ್ಟಿ ಹುಡುಕಬೇಕು. ಪ್ಲಾಸ್ಟಿಕ್ ಪೈಪ್ ಹಾಕಿ ಮಾಡಿದ ಪಂಜರ ಅಗ್ಗ, ಆದರೆ ದಪ್ಪ ಪೈಪಿನ ಗೆರೆ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ಅದನ್ನು ಮುಚ್ಚಲು ಪಂಜರದ ಮೇಲೊಂದು ಒಳಲಂಗ ಬೇಕೇ ಬೇಕು. ಕಾರಿನಲ್ಲಿ ಹಿಂದಿನ ಸೀಟು ಪೂರ್ತಿ ನಿಮ್ಮದೇ. ದೀಪ, ಹಣತೆ, ಒಲೆ ಇರುವ ಕಡೆ ಹಾಕಲೇಬೇಡಿ. ಕ್ರಿನೋಲಿನ್‌ಗೆ ಬೆಂಕಿ ತಗುಲಿ ಆಗ ಎಷ್ಟೋ ಹೆಂಗಸರು ಸತ್ತಿದ್ದಾರೆ.

ಒಂದು ಲಾಭ ಇದೆ. ಅಗಲವಾದ ಸ್ಕರ್ಟಿನ ಮೇಲೆ ಕೋಟು ಕೂರುವುದಿಲ್ಲ ಅಂತ ಆ ಹೆಂಗಸರು ದೊಡ್ಡ ಶಾಲು ಹೊದೆಯುತ್ತಿದ್ದರು. ಕಾಶ್ಮೀರಿ ಶಾಲಿಗೆ ಅಲ್ಲಿ ಭಾರಿ ಬೆಲೆ ಇದ್ದದ್ದು ಆಗ. ಮನೆಯಲ್ಲಿ ಅಜ್ಜಿಯ ಕಾಲದ ದೊಡ್ಡ ಉಣ್ಣೆ ಶಾಲು ಇದ್ದರೆ ಜಾಕೆಟ್ ಹೊಲಿಯುವ ಕೆಲಸ ಉಳಿಯಿತು. ಸ್ಕರ್ಟಿನ ಹಿಂಭಾಗ ಎತ್ತಿ ಹಿಡಿಯುವ ಬಸಲ್ ಬಂದ ಮೇಲೆ ಈ ಶಾಲಿನ ಗೀಳು ಇಳಿಯಿತು. ಅಷ್ಟು ಕಷ್ಟಪಟ್ಟು ಮಾಡಿದ ಹಿಂಭಾಗವನ್ನು ಯಾರು ಮುಚ್ಚಿಕೊಳ್ಳುತ್ತಾರೆ ಹೇಳಿ.

1870ರ ದಶಕದ ಎರಡು ರೂಪ

ಸುಮಾರು 1869ರಿಂದ 1876ರ ತನಕ ಮೊದಲ ಬಸಲ್ ಕಾಲ. ಬಸಲ್ ಅಂದರೆ ಸೊಂಟದ ಹಿಂದೆ ಸ್ಕರ್ಟನ್ನು ಎತ್ತಿ ಹಿಡಿಯುವ ಪಂಜರ ಅಥವಾ ದಿಂಬು. ಮುಂದೆ ಏಪ್ರನ್ ಥರ ಒಂದು ಮೇಲ್ಪದರ, ಹಿಂದೆ ಉಬ್ಬಿಸಿದ ಬಟ್ಟೆ, ಕೆಳಗೆ ಸಾಲು ಸಾಲು ಫ್ರಿಲ್. ಹೊಲಿಗೆ ಯಂತ್ರ ಮನೆಮನೆಗೆ ಬಂದಿದ್ದ ಕಾಲ ಅದು, ಕೆಲಸ ಹಗುರವಾಗುವ ಬದಲು ಫ್ರಿಲ್ಲುಗಳು ಹೆಚ್ಚಿದವು! ಫ್ರಿಲ್ ಹೊಲಿಯುವುದು ನಿಮಗೆ ಇಷ್ಟವಾದರೆ ಮಾತ್ರ ಇದಕ್ಕೆ ಕೈ ಹಾಕಿ. ಕಷ್ಟದ ಕೆಲಸ ಅಂತಲ್ಲ, ಮುಗಿಯದ ಕೆಲಸ. ಒಂದು ಗುಣ ಏನೆಂದರೆ, ಸಣ್ಣಪುಟ್ಟ ತಪ್ಪೆಲ್ಲ ಫ್ರಿಲ್ಲಿನೊಳಗೆ ಮುಚ್ಚಿಹೋಗುತ್ತದೆ.

1877ರಿಂದ 1882ರ ತನಕದ್ದು ಅದಕ್ಕೆ ತದ್ವಿರುದ್ಧ. ಬಸಲ್ ಹೋಯಿತು, ಬಾಡಿಸ್ ಸೊಂಟ ದಾಟಿ ಕೆಳಗಿನ ತನಕ ಮೈಗೆ ಅಂಟಿತು. ನ್ಯಾಚುರಲ್ ಫಾರ್ಮ್ ಅಂತ ಈಗಿನ ಹೊಲಿಗೆಯವರು ಕರೆಯುವುದು ಇದನ್ನೇ. ನಮ್ಮ ಬ್ಲೌಸ್‌ನ ಪ್ರಿನ್ಸೆಸ್ ಕಟ್ ಇದೆಯಲ್ಲ, ಮೇಲಿಂದ ಕೆಳಗೆ ಉದ್ದುದ್ದ ಹೊಲಿಗೆಯಿಂದಲೇ ಆಕಾರ ತರುವ ಆ ಕ್ರಮ ಜನಪ್ರಿಯವಾದದ್ದು ಈ ವರ್ಷಗಳಲ್ಲಿ. ನೋಡಲು ಇದರಷ್ಟು ಚಂದದ್ದು ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ, ಮೊದಲ ಸಲ ಹೊಲಿಯುವವರಿಗೆ ಬೇಡ ಅಂತಲೂ ಅನ್ನಿಸುತ್ತದೆ. ಒಳಗೆ ಪಂಜರ ಇಲ್ಲದ್ದರಿಂದ ಖರ್ಚು ಕಡಿಮೆ ಅಂದುಕೊಂಡು ಜನ ಇದನ್ನು ಆರಿಸುತ್ತಾರೆ. ಆದರೆ ಸೊಂಟದ ಹತ್ತಿರ ಕಾಲಿಂಚು ಹೆಚ್ಚುಕಡಿಮೆ ಆದರೂ ಅಡ್ಡ ಸುಕ್ಕು ಬೀಳುತ್ತದೆ, ಮುಚ್ಚಲು ಒಂದು ಫ್ರಿಲ್ಲೂ ಇಲ್ಲ. ಸ್ಕರ್ಟಿನ ಒಳಗೆ ಮೊಣಕಾಲಿನ ಹಿಂದೆ ಲಾಡಿ ಕಟ್ಟಿ ಮುಂಭಾಗವನ್ನು ಬಿಗಿ ಮಾಡಿರುತ್ತಾರೆ. ಹೆಜ್ಜೆ ಸಣ್ಣದಾಗುತ್ತದೆ, ಬಸ್ಸಿನ ಮೆಟ್ಟಿಲು ಮರೆತುಬಿಡಿ.

1883ರಿಂದ 1889: ಎರಡನೇ ಬಸಲ್

ವಾಕಿಂಗ್ ಡ್ರೆಸ್ ಅಂದ ತಕ್ಷಣ ಹೆಚ್ಚಿನವರ ಕಣ್ಣಿಗೆ ಬರುವುದು ಇದೇ. ಬೆನ್ನಿನಿಂದ ನೇರ ಹೊರಕ್ಕೆ ಚಾಚಿದ ಹಿಂಭಾಗ, ಸಪಾಟಾದ ಮುಂಭಾಗ, ಎತ್ತರದ ಕಾಲರ್, ಎದೆಯ ಮೇಲೆ ಒತ್ತೊತ್ತಾಗಿ ಗುಂಡಿ ಸಾಲು. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಕೌಸ್ ಊರಿನಲ್ಲಿ ಶುರುವಾದ ರೆಡ್‌ಫರ್ನ್ ಅಂಗಡಿ ಹೆಂಗಸರಿಗೆ ಉಣ್ಣೆಯ "ಟೈಲರ್-ಮೇಡ್" ಸೂಟು ಹೊಲಿದು ಹೆಸರು ಮಾಡಿದ್ದು ಈ ಕಾಲದಲ್ಲಿ. ಫ್ರಿಲ್ ಬಿಟ್ಟು, ಗಂಡಸರ ಕೋಟಿನ ಬಟ್ಟೆ, ಗಂಡಸರ ಕೋಟಿನ ಹೊಲಿಗೆ. ನಡೆಯಲೆಂದೇ ಮಾಡಿದ ಉಡುಪಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ.

ಒಳಗಿನಿಂದ ಹೊರಗೆ ಲೆಕ್ಕ ಹಾಕೋಣ: ಶೆಮೀಸ್ (ಮೈಗೆ ತಾಗುವ ತೆಳು ಒಳಂಗಿ), ಚಡ್ಡಿ, ಕಾರ್ಸೆಟ್, ಅದರ ಮೇಲೊಂದು ತೆಳು ರವಿಕೆ, ಬಸಲ್, ಕನಿಷ್ಠ ಒಂದು ಒಳಲಂಗ, ಅಡಿಪಾಯದ ಸ್ಕರ್ಟ್, ಅದರ ಮೇಲೆ ಮಡಿಕೆ ಹಿಡಿದ ಪದರ, ಕೊನೆಗೆ ಬಾಡಿಸ್. ಹೆದರಬೇಡಿ, ಬಾಡಿಸ್ ಮತ್ತು ಕಾರ್ಸೆಟ್ ಬಿಟ್ಟರೆ ಉಳಿದದ್ದೆಲ್ಲ ನೇರ ಹೊಲಿಗೆ. ಬಸಲ್ ಪಂಜರ ಕೂಡ ಕ್ರಿನೋಲಿನ್‌ನ ಕಾಲು ಭಾಗದ ಕೆಲಸ. ಕೂತಾಗ ಮಡಚಿಕೊಂಡು ಎದ್ದಾಗ ಬಿಚ್ಚಿಕೊಳ್ಳುವ ಬಸಲ್ ಆಗಲೇ ಮಾರಾಟಕ್ಕಿತ್ತು, ನಟಿ ಲಿಲಿ ಲ್ಯಾಂಗ್ಟ್ರಿಯ ಹೆಸರಿನಲ್ಲಿ. ಕಾರಿನಲ್ಲಿ ಕೂರುವಾಗ ಸೀಟಿನ ಅಂಚಿಗೆ ಓರೆಯಾಗಿ ಕೂತು, ಬಸಲ್ಲನ್ನು ಒಂದು ಪಕ್ಕಕ್ಕೆ ಸರಿಸಿದರೆ ಸಾಕು.

ಹೆಚ್ಚು ಬಟ್ಟೆ ತಿನ್ನುವುದು ಅಂಚಿನ ನೆರಿಗೆ. ಅಡಿಪಾಯದ ಸ್ಕರ್ಟಿನ ಅಂಚು ಸುತ್ತಳತೆ ಎರಡೂವರೆ ಮೀಟರ್ ಅಂದುಕೊಳ್ಳಿ. ಒಂದರ ಪಕ್ಕ ಒಂದು ಕೂರುವ ಚಾಕು ನೆರಿಗೆಗೆ ಮೂರು ಪಟ್ಟು ಪಟ್ಟಿ ಬೇಕು, ಅಂದರೆ ಏಳೂವರೆ ಮೀಟರ್ ಉದ್ದದ ಪಟ್ಟಿ. ಪಟ್ಟಿ ಹತ್ತು ಇಂಚು ಅಗಲ ಇದ್ದರೆ 44 ಇಂಚು ಪನ್ನಾದಲ್ಲಿ ಏಳು ತುಂಡು ಕತ್ತರಿಸಬೇಕಾಗುತ್ತದೆ. ಅದಕ್ಕೇ ಸುಮಾರು ಎರಡು ಮೀಟರ್ ಬಟ್ಟೆ ಹೋಯಿತು. ಬಾಡಿಸ್, ಸ್ಕರ್ಟ್, ಮೇಲ್ಪದರ ಸೇರಿ ಎಂಟು ಮೀಟರ್ ಇಟ್ಟುಕೊಳ್ಳಿ. ಅಡಿಪಾಯದ ಸ್ಕರ್ಟ್ ಹೆಚ್ಚು ಕಡೆ ಮುಚ್ಚಿಹೋಗುವುದರಿಂದ ಅದನ್ನು ಅಗ್ಗದ ಕಾಟನ್ನಿನಲ್ಲಿ ಹೊಲಿದು, ಕಾಣುವ ಕಡೆ ಮಾತ್ರ ಒಳ್ಳೆಯ ಬಟ್ಟೆ ಹೊದಿಸಬಹುದು. ಇದು ಮೋಸ ಅಲ್ಲ, ಆಗಿನ ದರ್ಜಿಗಳೂ ಹೀಗೇ ಮಾಡುತ್ತಿದ್ದರು.

ಬಾಡಿಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಾವು ಬ್ಲೌಸ್‌ಗೆ ಲೈನಿಂಗ್ ಬೇರೆ ಹೊಲಿದು ಒಳಗೆ ಜೋಡಿಸುತ್ತೇವೆ ಅಲ್ವಾ, ಇಲ್ಲಿ ಹಾಗಲ್ಲ. ಪ್ರತಿ ತುಂಡಿನ ಬೆನ್ನಿಗೂ ಅದೇ ಅಳತೆಯ ಲೈನಿಂಗ್ ಇಟ್ಟು, ಸುತ್ತಲೂ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆ ಅಂತ ತಿಳಿದು ಹೊಲಿಯುತ್ತಾರೆ. ಒಳಗಿನ ಹೊಲಿಗೆಗಳೆಲ್ಲ ತೆರೆದೇ ಇರುತ್ತವೆ. ಅವುಗಳ ಅಂಚನ್ನು ಕೈಯಲ್ಲಿ ಸುತ್ತಿ ಹೊಲಿದು, ಮೇಲೆ ಟೇಪು ಹಾಕಿ ಬೋನಿಂಗ್, ಅಂದರೆ ಆಕಾರ ಹಿಡಿದಿಡುವ ಗಟ್ಟಿ ಕಡ್ಡಿ, ತೂರಿಸುತ್ತಾರೆ. ಮುಂದೆ ಎಂದಾದರೂ ನೀವು ದಪ್ಪ ಆದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಲೂ ಇದರಿಂದ ಸುಲಭ. ಇನ್ನೊಂದು ಗುಟ್ಟು ಸೊಂಟದ ಪಟ್ಟಿ. ಬಾಡಿಸ್ ಒಳಗೆ, ಬೆನ್ನಿನ ಹೊಲಿಗೆಗಳಿಗೆ ಮಾತ್ರ ಅಂಟಿಸಿದ ಒಂದು ಗಟ್ಟಿ ಪಟ್ಟಿ ಇರುತ್ತದೆ. ಮೊದಲು ಅದರ ಹುಕ್ಕನ್ನು ಮುಂದೆ ಹಾಕಿಕೊಳ್ಳಬೇಕು, ಆಮೇಲೆ ಗುಂಡಿ. ಬಾಡಿಸ್ ಮೇಲಕ್ಕೆ ಜಾರುವುದಿಲ್ಲ, ಗುಂಡಿಗಳ ಮೇಲೆ ಎಳೆತವೂ ಬೀಳುವುದಿಲ್ಲ. ಅಸಲಿ ಉಡುಪಿಗೂ ನಾಟಕದ ಡ್ರೆಸ್‌ಗೂ ಇರುವ ವ್ಯತ್ಯಾಸದಲ್ಲಿ ಅರ್ಧ ಈ ಪಟ್ಟಿಯಲ್ಲೇ ಇದೆ. ಇಪ್ಪತ್ತು ಕಾಜಾ ಹಾಕುವ ತಾಳ್ಮೆ ಇಲ್ಲದಿದ್ದರೆ ಒಳಗೆ ಹುಕ್ಕು ಹಾಕಿ ಮೇಲೆ ಗುಂಡಿ ಸಾಲು ಹೊಲಿಯಿರಿ.

1890ರ ದಶಕ: ಸ್ಕರ್ಟ್ ಮತ್ತು ಬ್ಲೌಸ್

ಬಸಲ್ ಮಾಯವಾಯಿತು. ಮುಂದೆ ಸಪಾಟು, ಸೊಂಟಕ್ಕೆ ಬಿಗಿ, ಅಂಚಿಗೆ ಅಗಲವಾಗುವ ಐದಾರು ತುಂಡಿನ ಸ್ಕರ್ಟ್ ಬಂತು. ಮೇಲೆ ಗಂಡಸರ ಶರ್ಟಿನಂಥ ಕಾಟನ್ ಬ್ಲೌಸ್, ಅದರ ಮೇಲೆ ಬೇಕಾದರೆ ಜಾಕೆಟ್. ತೋಳುಗಳು 1895ರ ಹೊತ್ತಿಗೆ ಬಲೂನಿನಷ್ಟು ಉಬ್ಬಿ, 1897ರ ಸುಮಾರಿಗೆ ಇಳಿದುಬಿಟ್ಟವು. 1898ರ ಮಾದರಿ ಆರಿಸಿದರೆ ಆ ತೋಳಿನ ಗಲಾಟೆ ಇಲ್ಲ.

ಹೆಂಗಸರು ಸೈಕಲ್ ಹತ್ತಿದ್ದು ಈ ದಶಕದಲ್ಲಿ. ಸ್ಕರ್ಟ್ ಸಿಕ್ಕಿಕೊಳ್ಳದ ಹಾಗೆ ಲೇಡೀಸ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ದಾರದ ಜಾಲರಿ ಕಟ್ಟುತ್ತಿದ್ದರು, ನಮ್ಮ ಬೈಕಿನ ಸೀರೆ ಗಾರ್ಡ್ ಮಾಡುವ ಕೆಲಸವೇ. ನ್ಯೂಯಾರ್ಕಿನಲ್ಲಿ ರೇನಿ ಡೇ ಕ್ಲಬ್ ಅಂತ ಕಟ್ಟಿಕೊಂಡ ಹೆಂಗಸರು ಮಳೆಗಾಲಕ್ಕೆ ಅಂಚು ಇನ್ನೂ ಕೆಲವು ಇಂಚು ಮೇಲೆತ್ತಿದ ಸ್ಕರ್ಟ್ ಹಾಕಿ ಬೀದಿಗಿಳಿದರು. ಅಂಥ ಚಿಕ್ಕ ಅಂಚಿನ ಸ್ಕರ್ಟ್ ನಿಮಗೂ ಅನುಕೂಲ, ಚರಿತ್ರೆಗೂ ವಿರೋಧ ಇಲ್ಲ.

ಐದೂ ಲೆಕ್ಕದಲ್ಲಿ ಇದಕ್ಕೆ ಅಂಕ ಜಾಸ್ತಿ. ಒಳಗೆ ಒಂದು ಒಳಲಂಗ, ಸೊಂಟದ ಹಿಂದೆ ಒಂದು ಸಣ್ಣ ದಿಂಬು ಸಾಕು. ಬ್ಲೌಸ್ ಸಡಿಲ, ಅಳತೆ ಒಂದಿಂಚು ಆಚೀಚೆ ಆದರೂ ನಡೆಯುತ್ತದೆ. 58 ಇಂಚು ಪನ್ನಾದ ಸೂಟಿಂಗ್ ನಾಲ್ಕು ಮೀಟರ್ ಇದ್ದರೆ ಸ್ಕರ್ಟ್ ಆಯಿತು, ಬ್ಲೌಸ್‌ಗೆ ಎರಡೂವರೆ ಮೂರು ಮೀಟರ್ ಕಾಟನ್. ಒಂದು ಸ್ಕರ್ಟಿಗೆ ಮೂರು ಬ್ಲೌಸ್ ಹೊಲಿದು ಬದಲಿಸಬಹುದು, ಸ್ಕರ್ಟನ್ನು ಮಾಮೂಲಿ ದಿನ ಕುರ್ತಾ ಜೊತೆ ಹಾಕಿ ಆಫೀಸಿಗೂ ಹೋಗಬಹುದು. ಕೊರತೆ ಒಂದೇ: ದೂರದಿಂದ ನೋಡಿದವರಿಗೆ "ಓ, ವಿಕ್ಟೋರಿಯನ್!" ಅಂತ ತಕ್ಷಣ ಹೊಳೆಯುವುದಿಲ್ಲ. ಉದ್ದ ಸ್ಕರ್ಟ್ ಹಾಕಿದ ಟೀಚರ್ ಅಂದುಕೊಳ್ಳಲೂಬಹುದು. ಒಂದು ಚಪ್ಪಟೆ ಹುಲ್ಲಿನ ಟೋಪಿ, ಕಾಲರಿಗೊಂದು ಸಣ್ಣ ಟೈ ಹಾಕಿದರೆ ಆ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಈ ಸ್ಕರ್ಟಿನ ಜೀವ ಇರುವುದು ಅಂಚಿನಲ್ಲಿ. ಕೆಳಗಿನ ಎಂಟು ಹತ್ತು ಇಂಚಿಗೆ ಒಳಗಿನಿಂದ ಗಟ್ಟಿ ಕ್ಯಾನ್ವಾಸ್ ಕೊಡದಿದ್ದರೆ ಕಾಲಿಗೆ ಸುತ್ತಿಕೊಂಡು ಜೋತು ಬೀಳುತ್ತದೆ. ಅಂಚಿನ ಕೊನೆಗೆ ಉಣ್ಣೆಯ ಬ್ರೇಡ್ ಅಥವಾ ವೆಲ್ವೆಟೀನ್ ಪಟ್ಟಿ ಹೊಲಿಯಿರಿ, ಬಟ್ಟೆಗಿಂತ ಒಂದು ನೂಲಿನಷ್ಟು ಕೆಳಗೆ ಇಣುಕುವ ಹಾಗೆ. ಸವೆಯುವುದು ಅದು, ಬಟ್ಟೆಯಲ್ಲ. ಸವೆದ ಮೇಲೆ ಬಿಚ್ಚಿ ಹೊಸದು ಹಾಕಿದರಾಯಿತು.

ಬಟ್ಟೆ

ಇಂಗ್ಲೆಂಡಿನ ಚಳಿಗೆ ಉಣ್ಣೆ ಸರಿ. ಮಂಗಳೂರಿನ ಸೆಕೆಗೆ? ಬೇಸಿಗೆಯಲ್ಲಿ ಅವರೂ ಕಾಟನ್, ಲಿನನ್ ವಾಕಿಂಗ್ ಡ್ರೆಸ್ ಹಾಕುತ್ತಿದ್ದರು, ಹಾಗಾಗಿ ಕಾಟನ್ ಆರಿಸಿದರೆ ರಾಜಿ ಮಾಡಿಕೊಂಡ ಹಾಗಲ್ಲ. ಒತ್ತಾದ ನೇಯ್ಗೆ ಇರಲಿ, ಮೈಯಿಂದ ದೂರ ನಿಲ್ಲುವಷ್ಟು ಗಟ್ಟಿ ಇರಲಿ. ಬೆಂಗಳೂರು, ಮಡಿಕೇರಿಯ ಚಳಿಗಾಲಕ್ಕಾದರೆ ಗಂಡಸರ ಸೂಟಿಂಗ್ ಅಂಗಡಿಗೆ ಹೋಗಿ. ಉಣ್ಣೆ ಬೆರೆತ ಸೂಟಿಂಗ್ 1880, 1890ರ ಟೈಲರ್-ಮೇಡ್‌ಗೆ ಹೇಳಿ ಮಾಡಿಸಿದ್ದು, ಪನ್ನಾ ದೊಡ್ಡದಾದ್ದರಿಂದ ಮೀಟರ್ ಲೆಕ್ಕ ಕಡಿಮೆ ಆಗುತ್ತದೆ. ಕೈಯಲ್ಲಿ ಹಿಡಿದು ಹಿಸುಕಿ ಬಿಡಿ. ಪಾಲಿಯೆಸ್ಟರ್ ಜಾಸ್ತಿ ಇದ್ದರೆ ಸುಕ್ಕೇ ಬೀಳುವುದಿಲ್ಲ, ಬಿಸಿಲಲ್ಲಿ ಮಿಂಚುತ್ತದೆ, ಒಳಗೆ ಬೆವರು. ನೆರಿಗೆ ಮಾತ್ರ ಪಾಲಿಯೆಸ್ಟರ್‌ನಲ್ಲಿ ಇಸ್ತ್ರಿ ಹಾಕಿದ ಹಾಗೆ ನಿಲ್ಲುತ್ತದೆ. ಆ ಒಂದು ಅನುಕೂಲಕ್ಕೆ ಉಳಿದದ್ದನ್ನೆಲ್ಲ ಸಹಿಸುತ್ತೀರಾ ಅನ್ನುವುದು ನಿಮಗೆ ಬಿಟ್ಟದ್ದು.

ರೇಷ್ಮೆಯ ಆಸೆ ಇರುವವರಿಗೆ ಎರಡು ಮಾತು. ಮೈಸೂರು ಸಿಲ್ಕ್ ಕ್ರೇಪ್ ಮೈಮೇಲೆ ಇಳಿಬೀಳುವ ಬಟ್ಟೆ. ಸೀರೆಗೆ ಅದೇ ಅದರ ಸೊಗಸು, ಬಸಲ್ ಮೇಲೆ ಅದು ನಿಲ್ಲುವುದಿಲ್ಲ. ಬೆಂಗಳೂರಿನ ಡುಪಿಯಾನ್ ನಿಲ್ಲುತ್ತದೆ, ಆದರೆ ಅದರಲ್ಲಿ ಎದ್ದು ಕಾಣುವ ಗಂಟುಗಂಟು ಎಳೆಯನ್ನು 19ನೇ ಶತಮಾನದವರು ದೋಷ ಅಂತ ಎಣಿಸುತ್ತಿದ್ದರು. ನಯವಾದ, ಗರಿಗರಿ ರೇಷ್ಮೆ ಟಫೆಟಾ ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ ಒಳ್ಳೆಯ ಕಾಟನ್ನೇ ಮೇಲು.

ಬಣ್ಣಕ್ಕೆ ಹೆದರಬೇಡಿ. ಕಂದು, ಕಪ್ಪು ಮಾತ್ರ ಹಾಕುತ್ತಿದ್ದರು ಅನ್ನುವುದು ಹಳೆಯ ಫೋಟೊ ನೋಡಿ ಹುಟ್ಟಿದ ಭ್ರಮೆ. ವಿಲಿಯಂ ಪರ್ಕಿನ್ ಅನ್ನುವ ಹುಡುಗ 18ನೇ ವಯಸ್ಸಿನಲ್ಲಿ, 1856ರಲ್ಲಿ, ಕೃತಕ ನೇರಳೆ ಬಣ್ಣ ಕಂಡುಹಿಡಿದ ಮೇಲೆ ಕಣ್ಣು ಕುಕ್ಕುವ ನೇರಳೆ, ಮಜೆಂಟಾ, ಹಸಿರು ಎಲ್ಲ ಬೀದಿಗೆ ಬಂದವು.

ಕಾರ್ಸೆಟ್ ಬೇಕಾ?

1890ರ ಬ್ಲೌಸ್ ಸ್ಕರ್ಟ್‌ಗೆ ಇಲ್ಲದೆಯೂ ನಡೆಯುತ್ತದೆ. ಉಳಿದ ಎಲ್ಲಕ್ಕೂ ಬೇಕು ಅನ್ನುವುದು ನನ್ನ ಅಭಿಪ್ರಾಯ, ಸೊಂಟ ಸಣ್ಣ ಮಾಡಿಕೊಳ್ಳಲು ಅಂತ ಅಲ್ಲ. ಬಸಲ್, ಒಳಲಂಗ, ಉಣ್ಣೆ ಸ್ಕರ್ಟ್ ಎಲ್ಲದರ ಭಾರ ಸೊಂಟದ ನಾಲ್ಕು ಲಾಡಿಗಳ ಮೇಲೆ ಬಿದ್ದು ಮಾಂಸಕ್ಕೆ ಕೊರೆಯುತ್ತದೆ. ಕಾರ್ಸೆಟ್ ಆ ಭಾರವನ್ನು ಹಂಚುತ್ತದೆ. ಹಿಂದೆ ದಾರದ ನಡುವೆ ಎರಡು ಇಂಚು ಬಿಡುವಿದ್ದರೆ ಸರಿ, ಉಸಿರು ಕಟ್ಟುವಷ್ಟು ಬಿಗಿಯಬೇಕಿಲ್ಲ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಬೋನಿಂಗ್ ಕಾರ್ಸೆಟ್ ಒಂದೇ ಗಂಟೆಯಲ್ಲಿ ಸೊಂಟದಲ್ಲಿ ಮಡಚಿ ಚುಚ್ಚುತ್ತದೆ. ಅದಕ್ಕೆ ಕೊಡುವ ದುಡ್ಡಿನಲ್ಲಿ ಒತ್ತಾದ ಕಾಟನ್ ಡ್ರಿಲ್ ಎರಡು ಪದರ, ಹಾರ್ಡ್‌ವೇರ್ ಅಂಗಡಿಯ ದಪ್ಪ ಕೇಬಲ್ ಟೈ, ದಾರ ತೂರಿಸುವ ಲೋಹದ ಐಲೆಟ್ ತಂದು ನೀವೇ ಹೊಲಿಯಬಹುದು. ಮುಂದೆ ಹಾಕಿ ತೆಗೆಯುವ ಲೋಹದ ಪಟ್ಟಿ, ಅಂದರೆ ಬಸ್ಕ್ ಒಂದನ್ನು ಹೊರಗಿನಿಂದ ತರಿಸಬೇಕಾಗುತ್ತದೆ. ಒಂದು ಮಾತು ಮರೆಯಬೇಡಿ: ಬಾಡಿಸ್ ಅಳತೆಯನ್ನು ಕಾರ್ಸೆಟ್ ಹಾಕಿಕೊಂಡೇ ತೆಗೆಯಬೇಕು. ಟಾಯ್ಲೆಟ್ ಪ್ರಶ್ನೆಗೆ ಉತ್ತರ ಆ ಕಾಲದ ಚಡ್ಡಿಯಲ್ಲೇ ಇದೆ, ಅದರ ನಡುವಿನ ಹೊಲಿಗೆಯನ್ನು ಹಾಕದೆ ತೆರೆದೇ ಬಿಡುತ್ತಿದ್ದರು. ನಗು ಬಂದರೂ ಹಾಗೇ ಹೊಲಿಯಿರಿ, ಮೂರನೇ ಗಂಟೆಗೆ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಪ್ಯಾಟರ್ನ್ ಮತ್ತು ಟೈಲರ್

ಟ್ರೂಲಿ ವಿಕ್ಟೋರಿಯನ್, ಲಾಫಿಂಗ್ ಮೂನ್, ಬ್ಲ್ಯಾಕ್ ಸ್ನೇಲ್, ಫೋಕ್‌ವೇರ್ ಇವು ಆ ಕಾಲದ ಕಟಿಂಗ್ ಇಟ್ಟುಕೊಂಡು ಪ್ಯಾಟರ್ನ್ ಮಾಡುವ ಸಂಸ್ಥೆಗಳು. ಕಾಗದದ ಪ್ಯಾಟರ್ನ್ ತರಿಸಿದರೆ ಅಂಚೆ ಖರ್ಚೇ ಪ್ಯಾಟರ್ನ್‌ನಷ್ಟಾಗುತ್ತದೆ. ಪಿಡಿಎಫ್ ಸಿಕ್ಕರೆ ಕೊಂಡು, ಎ4 ಹಾಳೆ ಅಂಟಿಸುವ ಬದಲು ಪ್ಲಾನ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಹಾಕಿಸಿ. ದೊಡ್ಡ ಕಂಪನಿಗಳ ಕಾಸ್ಟ್ಯೂಮ್ ಪ್ಯಾಟರ್ನ್ ಅಗ್ಗ, ಸೂಚನೆಗಳೂ ಸುಲಭ. ಆದರೆ ಬೆನ್ನಿಗೆ ಜಿಪ್ ಇಟ್ಟಿರುತ್ತಾರೆ, ಕಂಕುಳು ಸಡಿಲ. ಈ ಬಾಡಿಸ್‌ಗಳಲ್ಲಿ ತೋಳಿನ ರಂಧ್ರ ಸಣ್ಣದಾಗಿ, ಕಂಕುಳಿಗೆ ಹತ್ತಿರ ಇರಬೇಕು. ಆಗಲೇ ಕೈ ಎತ್ತಿದರೂ ಬಾಡಿಸ್ ಏಳುವುದಿಲ್ಲ. ಬ್ಲೌಸ್ ಹೊಲಿಯುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಟೈಲರ್ ಹತ್ತಿರ ಕೊಡುವುದಾದರೆ ಎಲ್ಲವನ್ನೂ ಒಬ್ಬರಿಗೇ ಕೊಡಬೇಡಿ. ನೇರ ಹೊಲಿಗೆಯ ಒಳಲಂಗ, ಸ್ಕರ್ಟ್ ನೀವೇ ಮಾಡಿ. ಕಾಟನ್ ಬಾಡಿಸ್ ಒಳ್ಳೆಯ ಬ್ಲೌಸ್ ಟೈಲರ್‌ಗೆ. ಉಣ್ಣೆ ಜಾಕೆಟ್ ಇದ್ದರೆ ಕೋಟು ಹೊಲಿಯುವ ಹಳೆಯ ಜೆಂಟ್ಸ್ ಟೈಲರ್‌ಗೆ. ಕಾಲರಿಗೆ ಕ್ಯಾನ್ವಾಸ್ ಕೂರಿಸುವುದು, ಉಣ್ಣೆಯನ್ನು ಹಬೆಯಲ್ಲಿ ಎಳೆದು ಆಕಾರ ತರುವುದು ಅವರಿಗೆ ಗೊತ್ತು. ಯಾರಿಗೆ ಕೊಟ್ಟರೂ ಮೊದಲು ಕೋರಾ ಬಟ್ಟೆಯಲ್ಲಿ ಒಂದು ಹೊಲಿಸಿ, ಹಾಕಿ ನೋಡಿ, ಆಮೇಲೆ ಒಳ್ಳೆಯ ಬಟ್ಟೆಗೆ ಕತ್ತರಿ.

ಹಾಗಾದರೆ ಯಾವುದು?

ಇದೇ ಮೊದಲ ಸಲ, ದುಡ್ಡೂ ಮಿತ, ಮುಂದೆಯೂ ಹಾಕಬೇಕು ಅನ್ನುವವರು 1898ರ ಸ್ಕರ್ಟ್ ಹಿಡಿಯಿರಿ. ಟ್ರೂಲಿ ವಿಕ್ಟೋರಿಯನ್‌ನಲ್ಲಿ ಆ ವರ್ಷದ ವಾಕಿಂಗ್ ಸ್ಕರ್ಟಿನ ಪ್ಯಾಟರ್ನೇ ಇದೆ. ಬ್ಲೌಸ್ ಚೆನ್ನಾಗಿ ಹೊಲಿಯಲು ಬರುತ್ತದೆ, ಎರಡು ಮೂರು ತಿಂಗಳು ಸಮಯ ಇದೆ, ನೋಡಿದವರು ತಿರುಗಿ ನೋಡಬೇಕು ಅನ್ನುವವರಿಗೆ 1885. ಕಾಲೇಜು ನಾಟಕಕ್ಕೆ ನಾಲ್ಕೈದು ಹುಡುಗಿಯರಿಗೆ ಹೊಲಿಯಬೇಕಾದರೆ 1860, ಬಾಡಿಸ್ ಸುಲಭ, ದೂರದಿಂದಲೇ ಆಕಾರ ಕಾಣುತ್ತದೆ, ಪಂಜರಗಳನ್ನು ಮುಂದಿನ ವರ್ಷದವರೂ ಬಳಸಬಹುದು. ವೇದಿಕೆಗೆ ಹತ್ತುವ ಬಾಗಿಲು ಅಗಲ ಇದೆಯಾ ಅಂತ ಮಾತ್ರ ಮೊದಲೇ ಅಳೆದುಕೊಳ್ಳಿ. ಫೋಟೊಗೆ ಮಾತ್ರ, ನಡೆಯುವುದು ಕಡಿಮೆ, ಕಟಿಂಗ್‌ನಲ್ಲಿ ಕೈ ಪಳಗಿದೆ ಅನ್ನುವವರು 1880ರ ಸುಮಾರಿನ ನ್ಯಾಚುರಲ್ ಫಾರ್ಮ್‌ಗೆ ಧೈರ್ಯ ಮಾಡಿ.

ಹೊರದೇಶದಲ್ಲಿರುವವರಿಗೆ ಹಾಕುವ ಸಂದರ್ಭಗಳು ಜಾಸ್ತಿ. ಅಮೆರಿಕದ ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ ಡಿಸೆಂಬರಿನಲ್ಲಿ, ನ್ಯೂಜಿಲೆಂಡಿನ ಒಮಾರುವಿನಲ್ಲಿ ನವೆಂಬರಿನಲ್ಲಿ ವಿಕ್ಟೋರಿಯನ್ ಹಬ್ಬಗಳೇ ನಡೆಯುತ್ತವೆ. ಅಲ್ಲಿ ದಿನವಿಡೀ ಬೀದಿಯಲ್ಲೇ ನಡೆಯಬೇಕು, ಹಾಗಾಗಿ 1885 ಅಥವಾ 1898, ಎರಡರಲ್ಲಿ ಒಂದು. ವಿಮಾನದಲ್ಲಿ ಒಯ್ಯುವುದಾದರೆ ಬಸಲ್‌ಗೆ ಪಂಜರದ ಬದಲು ದಿಂಬು ಮಾಡಿ. ಹತ್ತಿ ಅಲ್ಲೇ ತುಂಬಿಕೊಳ್ಳಬಹುದು.

ಯಾವುದನ್ನೇ ಆರಿಸಿ, ಮೊದಲು ಬೂಟು ಕೊಳ್ಳಿ. ಹಿಮ್ಮಡಿ ಅರ್ಧ ಇಂಚು ಬದಲಾದರೂ ಅಂಚಿನ ಲೆಕ್ಕ ಕೆಡುತ್ತದೆ. ಬೂಟು, ಕಾರ್ಸೆಟ್, ಬಸಲ್, ಒಳಲಂಗ ಎಲ್ಲ ಹಾಕಿಕೊಂಡು ನಿಂತು, ಬೇರೆಯವರ ಕೈಯಲ್ಲಿ ನೆಲದಿಂದ ಸ್ಕೇಲ್ ಇಟ್ಟು ಸುತ್ತಲೂ ಗುರುತು ಹಾಕಿಸಿಕೊಳ್ಳಿ. ಬಗ್ಗಿ ನೀವೇ ಹಾಕಲು ಹೋದರೆ ಹಿಂಭಾಗ ಮೇಲಕ್ಕೆ ಏಳುತ್ತದೆ, ಗುರುತು ತಪ್ಪುತ್ತದೆ.